ಸಂಘದ ಚರಿತ್ರೆ ಬೇಕಂತೆ, ಗ್ರೌಂಡ್ ಬೇಡವಂತೆ

ಹೋದ ವಾರ ಚರ್ಚಿನಿಂದ ಫೋನ್ ಬಂತು. ಸ್ಮರಣ ಸಂಚಿಕೆ ತರ್ತಿದ್ದಾರಂತೆ. "ನೀವು ಹುಡುಗರ ಸಂಘದ ಹಳೇ ಸೆಕ್ರೆಟರಿ ಅಲ್ಲೇನ್ರಿ? ಸಂಘದ ಚರಿತ್ರೆ ಒಂದು ಪುಟ ಬರ್ದು ಕೊಡ್ರಿ" ಅಂದರು. ಖುಷಿಯಿಂದ ಹೂಂ ಅಂದೆ. ಫೋನ್ ಇಡೋ ಮುಂಚೆ ಇನ್ನೊಂದು ಸುದ್ದಿಯೂ ಬಂತು. ಕ್ರಿಸ್‌ಮಸ್ಸಿನೊಳಗೆ ಚರ್ಚಿನ ಹಿಂದಿನ ಗ್ರೌಂಡಿಗೆ ಪೇವರ್ಸ್ ಹಾಕಿಸಿ ಕಾರ್ ಪಾರ್ಕಿಂಗ್ ಮಾಡ್ತಾರಂತೆ. ನಾನು ಒಂದು ಕ್ಷಣ ಸುಮ್ಮನಾದೆ. ಆ ಕಡೆಯವರೇ ಸಮಾಧಾನ ಹೇಳಿದರು: "ಈಗ ಯಾರ್ ಆಡ್ತಾರ್ರಿ ಅಲ್ಲಿ? ಸಂಘ ಇದ್ದದ್ದು ಪ್ರಾರ್ಥನಾಕ್ಕ. ಬಾಲ್ ಆಮೇಲೆ ಬಂದದ್ದು."

ಈ ಕೊನೇ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಯಾಕಂದರೆ ಅದು ತಪ್ಪು. ನಮ್ಮ ಸಂಘದ ಮಟ್ಟಿಗೂ ತಪ್ಪು, ಇಂಥ ಸಂಘಗಳು ಹುಟ್ಟಿದ ಕತೆಗೂ ತಪ್ಪು. ಒಂದು ಪುಟದಲ್ಲಿ ಅದನ್ನು ಹೇಳೋಕೆ ಆಗಲ್ಲ, ಅದಕ್ಕೆ ಇಲ್ಲಿ ಬರೀತಿದ್ದೇನೆ. ಯಾವ ಚರ್ಚ್ ಅಂತ ಕೇಳಬೇಡಿ. ಹುಬ್ಬಳ್ಳಿಯಲ್ಲಿ ಚರ್ಚುಗಳಿಗೆ ಬರವಿಲ್ಲ. ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದರು, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ. ಆಮೇಲೆ 1880ರ ದಶಕದಲ್ಲಿ ರೈಲ್ವೆ ಬಂತು. ರೈಲಿನ ಜೊತೆಗೆ ತಮಿಳು, ತೆಲುಗು, ಇಂಗ್ಲಿಷ್ ಮಾತಾಡೋ ಕ್ರೈಸ್ತರೂ ಬಂದರು. ನಮ್ಮ ಮನೆಯಲ್ಲಿ ಎರಡೂ ಕೂಡಿವೆ. ಅವ್ವನ ತವರು ಬೆಟಗೇರಿ, ಅಪ್ಪ ರೈಲ್ವೆ ವರ್ಕ್‌ಶಾಪಿನವರು.

ನಮ್ಮ ಸಂಘ ನಡೆಸ್ತಿದ್ದವರೂ ವರ್ಕ್‌ಶಾಪಿನ ಒಬ್ಬ ಫಿಟ್ಟರ್. ನಾವೆಲ್ಲ ಕಾಕಾ ಅಂತಿದ್ದೆವು. ಶನಿವಾರ ಸಂಜೆ ಐದೂವರೆಗೆ ಸೈಕಲ್ ಬಂತು ಅಂದರೆ ಸಂಘ ಶುರು. ಕೈಗೆ ಹತ್ತಿದ ಗ್ರೀಸ್ ಪೂರ್ತಿ ಹೋಗಿರ್ತಿರಲಿಲ್ಲ, ಬೈಬಲ್ಲಿನ ಅಂಚಿಗೂ ಹತ್ತಿರ್ತಿತ್ತು. ಮದರಾಸಿನಲ್ಲಿ ಚಿಕ್ಕವರಿದ್ದಾಗ ಅವರು ಬಾಯ್ಸ್ ಬ್ರಿಗೇಡ್ ಅನ್ನೋ ಕ್ರೈಸ್ತ ಹುಡುಗರ ಸಂಘ ನೋಡಿದ್ದರು. ಅದೇ ಮಾದರಿಯಲ್ಲಿ ಇಲ್ಲೊಂದು ಶುರು ಮಾಡಿದರು. ಎಲ್ಲೂ ನೋಂದಣಿ ಇಲ್ಲ, ಯೂನಿಫಾರ್ಮ್ ಇಲ್ಲ. ಒಂದು ಬಿಳಿ ಬಟ್ಟೆಗೆ ನೀಲಿ ಬಣ್ಣದಲ್ಲಿ ಲಂಗರು ಬರೆದು ಬಾವುಟ ಮಾಡಿದ್ದರು, ಅಷ್ಟೇ.

ಆ ಲಂಗರಿನದೇ ಒಂದು ತಮಾಷೆ. ನಮ್ಮಲ್ಲಿ ಯಾರೂ ಸಮುದ್ರ ನೋಡಿದವರಲ್ಲ, ಉಣಕಲ್ ಕೆರೆಯೇ ನಮಗೆ ದೊಡ್ಡದು. ಮೊದಲ ದಿನ ಕಾಕಾ "ಇದೇನು ಹೇಳ್ರಿ ನೋಡೋಣ" ಅಂದರೆ ಒಬ್ಬ ಎದ್ದು "ಪಾತಾಳಗರಡಿ ರೀ" ಅಂದ. ಬಾವಿಗೆ ಬಿದ್ದ ಕೊಡ ಎತ್ತೋ ಕೊಕ್ಕೆ! ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. "ಅದೂ ಖರೇನ ಐತಲೇ. ಬಿದ್ದದ್ದನ್ನ ಎತ್ತೂದು ಅದು, ಹರದು ಹೋಗೂದನ್ನ ಹಿಡಿಯೂದು ಇದು" ಅಂದರು. ಆಮೇಲೆ ಬೈಬಲ್ಲಿನ ಇಬ್ರಿಯರ ಪತ್ರಿಕೆಯ ಆರನೇ ಅಧ್ಯಾಯ ತೆಗೆದು ನಿರೀಕ್ಷೆಯನ್ನು ಲಂಗರಕ್ಕೆ ಹೋಲಿಸಿದ ವಚನ ಓದಿಸಿದರು. ಬಾಯ್ಸ್ ಬ್ರಿಗೇಡಿನ ಗುರುತು, ಧ್ಯೇಯವಾಕ್ಯ ಎರಡೂ ಬಂದದ್ದು ಅಲ್ಲಿಂದಲೇ.

ಈಗ ಮೂಲದ ಕತೆಗೆ ಬರ್ತೀನಿ. ಅರ್ಧ ಕಾಕಾ ಹೇಳಿದ್ದು, ಅರ್ಧ ಆಮೇಲೆ ನಾನು ಓದಿದ್ದು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಅಂತ ಒಬ್ಬರಿದ್ದರು. ವ್ಯಾಪಾರದವರು. ಬಿಡುವಿನಲ್ಲಿ ಸ್ವಯಂಸೇವಕ ಸೈನಿಕ, ಭಾನುವಾರ ಸಂಡೇ ಸ್ಕೂಲ್ ಟೀಚರ್. ಸಂಡೇ ಸ್ಕೂಲಿನಲ್ಲಿ ದೊಡ್ಡ ಹುಡುಗರನ್ನು ಕೂರಿಸೋದೇ ಅವರಿಗೆ ಕಷ್ಟವಾಗಿತ್ತು. ಗಲಾಟೆ, ಬೇಜಾರು, ಆಮೇಲೆ ಬರೋದನ್ನೇ ಬಿಡೋದು. ಹನ್ನೆರಡು ದಾಟಿದ ಹುಡುಗರನ್ನು ಮಡಿಲಲ್ಲಿ ಕೂತ ಮಕ್ಕಳ ಹಾಗೆ ನೋಡಿದರೆ ಯಾರು ನಿಲ್ತಾರೆ ಹೇಳಿ. ಸೈನ್ಯದಲ್ಲಿ ಇದೇ ವಯಸ್ಸಿಗಿಂತ ಸ್ವಲ್ಪ ದೊಡ್ಡವರು ಒಂದು ಮಾತಿಗೆ ಸಾಲಾಗಿ ನಿಲ್ಲೋದು ಸ್ಮಿತ್‌ಗೆ ಗೊತ್ತಿತ್ತು. 1883ರ ಅಕ್ಟೋಬರ್ 4ರಂದು ಹಿಲ್ ಅನ್ನೋ ಮನೆತನದ ಇಬ್ಬರು ಅಣ್ಣತಮ್ಮಂದಿರ ನೆರವಿನಿಂದ ಬಾಯ್ಸ್ ಬ್ರಿಗೇಡ್ ಶುರು ಮಾಡಿದರು. ಡ್ರಿಲ್, ಟೋಪಿ, ಬೆಲ್ಟ್, ಚೀಲ, ಆಟ, ಅದರ ಜೊತೆಗೇ ಬೈಬಲ್ ಕ್ಲಾಸ್. 1886ರಲ್ಲಿ ಹುಡುಗರನ್ನು ಊರ ಹೊರಗೆ ಕ್ಯಾಂಪಿಗೂ ಕರ್ಕೊಂಡು ಹೋದರು.

ಅಂದರೆ ಪ್ರಾರ್ಥನೆ ಆಗಲೇ ಇತ್ತು. ಹುಡುಗರು ಇರಲಿಲ್ಲ. ಹುಡುಗರು ಬಂದದ್ದು ಮೈದಾನಕ್ಕೆ. ಇಷ್ಟು ಸಣ್ಣ ವಿಷಯ ನಮ್ಮ ಕಮಿಟಿಯವರಿಗೆ ಹೊಳೀತಿಲ್ಲ ಅನ್ನೋದೇ ನನ್ನ ಸಂಕಟ.

ಸ್ಕೌಟ್ಸ್ ಬಗ್ಗೆ ಎಲ್ಲರಿಗೂ ಗೊತ್ತು. ಅದನ್ನು ಕಟ್ಟಿದ ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಪ್ರಯೋಗಕ್ಕೆ ಅಂತ ಕ್ಯಾಂಪ್ ಹಾಕಿದಾಗ ಬಾಯ್ಸ್ ಬ್ರಿಗೇಡಿನ ಹುಡುಗರನ್ನೂ ಸೇರಿಸ್ಕೊಂಡಿದ್ದರು. ಇದನ್ನು ಮಾತ್ರ ಯಾರೂ ಹೇಳಲ್ಲ. ಇನ್ನು ಬಾಲ್ ವಿಷಯ. ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಅಮೆರಿಕದ ವೈಎಂಸಿಎ, ಅಂದರೆ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯಲ್ಲಿ. ಚಳಿಗಾಲದಲ್ಲಿ ಹುಡುಗರನ್ನು ಒಳಗೆ ಹಿಡಿದಿಡೋಕೆ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಆಡಿಸಿದ್ದು. ವಾಲಿಬಾಲ್ 1895ರಲ್ಲಿ, ಅದೂ ಇನ್ನೊಂದು ಊರಿನ ವೈಎಂಸಿಎಯಲ್ಲಿ. ಮದರಾಸಿನಲ್ಲಿ 1920ರಲ್ಲಿ ಹ್ಯಾರಿ ಬಕ್ ಶುರು ಮಾಡಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತವರು ದಕ್ಷಿಣದ ಎಷ್ಟೋ ಶಾಲೆಗಳಲ್ಲಿ ಡ್ರಿಲ್ ಮಾಸ್ತರರಾದರು. ಇವತ್ತು ನಮ್ಮ ಕಡೆ ಹಳ್ಳಿಯ ಜಾತ್ರೆಯಲ್ಲಿ ಲೈಟ್ ಕಟ್ಟಿ ರಾತ್ರಿಯೆಲ್ಲ ವಾಲಿಬಾಲ್ ಆಡ್ತಾರಲ್ಲ, ಆ ಆಟದ ಬೇರು ಇಂಥ ಸಂಘದಲ್ಲಿದೆ. ಬಾಲ್ ಆಮೇಲೆ ಬಂತಂತೆ!

ಡ್ರಿಲ್ ಬಗ್ಗೆ ನನಗೆ ಅಂಥ ಪ್ರೀತಿಯೇನೂ ಇಲ್ಲ. ಆ ಕಾಲದ ಬ್ರಿಗೇಡ್ ಹುಡುಗರು ಮರದ ಬಂದೂಕು ಹಿಡಿದು ನಿಲ್ತಿದ್ದರು ಅಂತ ಓದಿದಾಗ ಮುಜುಗರವೇ ಆಯ್ತು. ಆದರೆ ಡ್ರಿಲ್ ಯಾರಪ್ಪನ ಆಸ್ತಿಯೂ ಅಲ್ಲ. ಇದೇ ಧಾರವಾಡ ಹುಬ್ಬಳ್ಳಿಯ ನಾ.ಸು. ಹರ್ಡೀಕರರು 1923ರಲ್ಲಿ ಸೇವಾದಳ ಕಟ್ಟಿದರು. ಹುಡುಗರಿಗೆ ಯೂನಿಫಾರ್ಮ್ ಹಾಕಿಸಿ, ಸಾಲಾಗಿ ನಿಲ್ಲೋದು ಕಲಿಸಿದರು. ಆ ಸಾಲು ನಿಂತದ್ದು ಬ್ರಿಟಿಷರ ವಿರುದ್ಧ. ನಮ್ಮ ಕಾಕಾ ಸ್ಮಿತ್, ಹರ್ಡೀಕರ್ ಇಬ್ಬರ ಹೆಸರನ್ನೂ ಒಂದೇ ಉಸಿರಲ್ಲಿ ಹೇಳ್ತಿದ್ದರು.

ನಮ್ಮ ಗ್ರೌಂಡ್ ಅಂದರೆ ಎರೆ ಮಣ್ಣು. ಮಳೆ ಬಂದರೆ ಚಪ್ಪಲಿ ಅಲ್ಲೇ ಬಿಟ್ಟು ಬರಬೇಕು. 1986ರ ಬೇಸಿಗೆಯಲ್ಲಿ ಕಾಕಾ ಎಲ್ಲಿಂದಲೋ ಒಂದು ಟ್ರ್ಯಾಕ್ಟರ್ ಗರಸು ತರಿಸಿದರು. ಎರಡು ಶನಿವಾರ ನಾವೇ ಬುಟ್ಟಿ ಹೊತ್ತು ಹಾಸಿದೆವು, ನೀರು ಹೊಡೆದು ತುಳಿದೆವು. ಡಾಲ್ಡಾ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಅದರಲ್ಲಿ ಸುಣ್ಣದ ಪುಡಿ ತುಂಬಿ, ಅಲ್ಲಾಡಿಸ್ತಾ ಗೆರೆ ಹಾಕೋದು. ಗೆರೆ ನೇರ ಬರಬೇಕಂದರೆ ಡಬ್ಬಿ ನೋಡಬಾರದು, ಎದುರಿನ ಕಂಬ ನೋಡ್ತಾ ನಡೀಬೇಕು. ಇದು ನನಗೆ ಈಗಲೂ ಬರುತ್ತೆ, ಉಪಯೋಗ ಮಾತ್ರ ಇಲ್ಲ.

ಚೆಂಡು ಒಂದೇ. ಬ್ಲಾಡರ್ ಪಂಕ್ಚರ್ ಆದರೆ ರಸ್ತೆ ಆಚೆ ಸೈಕಲ್ ಅಂಗಡಿಗೆ ಓಡೋದು. ಅಂಗಡಿಯ ಚಾಚಾ ಶನಿವಾರ ದುಡ್ಡು ತಗೋತಿರಲಿಲ್ಲ. ಅವರ ಮಗ ನಮ್ಮ ಟೀಮಿನ ಸ್ಮ್ಯಾಶರ್. ಹಾಲಿನವರ ಮನೆಯ ಇಬ್ಬರು, ವರ್ಕ್‌ಶಾಪ್ ಕಡೆಯ ಮೂರ್ನಾಲ್ಕು ಜನ. ಲೆಕ್ಕ ಹಾಕಿದರೆ ಅರ್ಧ ಹುಡುಗರು ಚರ್ಚಿನವರಲ್ಲ. ಆಟ ಮುಗಿದ ಮೇಲೆ ಪ್ರಾರ್ಥನೆ. ಇರೋರು ಇರಬಹುದು, ಹೋಗೋರು ಹೋಗಬಹುದು. ಕಾಕಾ ಯಾರನ್ನೂ ಕೂರಿಸಿದ್ದೂ ಇಲ್ಲ, ಎಬ್ಬಿಸಿದ್ದೂ ಇಲ್ಲ. ಆದರೆ ಪ್ರಾರ್ಥನೆ ಆದ ಮೇಲೆ ಗಿರ್ಮಿಟ್ ಬರ್ತಿತ್ತು, ಹಾಗಾಗಿ ಹೋಗೋರು ಕಮ್ಮಿ. ಇದನ್ನು ಆಮಿಷ ಅಂತ ಕರೆಯೋರು ಕರೀಲಿ. ಗಿರ್ಮಿಟ್‌ಗೆ ಮತ ಬದಲಿಸಿದವರನ್ನು ನಾನಂತೂ ಇನ್ನೂ ನೋಡಿಲ್ಲ.

ಹಾಜರಿ ಪುಸ್ತಕ ಬರೀತಿದ್ದವನು ನಾನು. ಈಗಲೂ ನನ್ನ ಹತ್ತಿರವೇ ಇದೆ. ಮೊನ್ನೆ ತೆಗೆದು ನೋಡಿದೆ. ಚರ್ಚಿನ ಹುಡುಗರ ಹೆಸರು ಮಸಿಯಲ್ಲಿ, ಹೊರಗಿನವರದು ಪೆನ್ಸಿಲಿನಲ್ಲಿ. ಹಾಗೆ ಬರಿ ಅಂತ ಹೇಳಿದವರು ಕಾಕಾ ಅಲ್ಲ. ವರ್ಷಕ್ಕೊಮ್ಮೆ ಪುಸ್ತಕ ನೋಡೋ ಹಿರಿಯರೊಬ್ಬರು. ನಾನು ಯಾಕೆ ಅಂತ ಕೇಳಲೂ ಇಲ್ಲ. ಮಸಿಯ ಹೆಸರು ಹಾಗೇ ಇವೆ. ಪೆನ್ಸಿಲಿನವು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣ್ತವೆ. ಸೈಕಲ್ ಅಂಗಡಿ ಹುಡುಗನ ಹೆಸರಿನ ಮುಂದೆ ಒಂದೂ ಗೈರುಹಾಜರಿ ಇಲ್ಲ.

ನನ್ನ ತಂಗಿಯ ಹೆಸರು ಪೆನ್ಸಿಲಿನಲ್ಲೂ ಇಲ್ಲ. ಚೆಂಡು ಗೋಡೆ ದಾಟಿದಾಗಲೆಲ್ಲ ತಂದು ಎಸೀತಿದ್ದದ್ದು ಅವಳು. ಎಸೀತಿದ್ದಳು ಅನ್ನೋದೂ ತಪ್ಪು. ಎರಡೂ ಕೈ ಜೋಡಿಸಿ ಅಂಡರ್‌ಹ್ಯಾಂಡ್ ಹೊಡೆದರೆ ಚೆಂಡು ಸೀದಾ ನೆಟ್ ಹತ್ತಿರ ನಿಂತವನ ಕೈಗೆ. ಒಂದಿನ ಕಾಕಾ "ಈಕಿನ್ನ ಆಡಸೋಣೇನಲೇ?" ಅಂತ ನಮ್ಮನ್ನೇ ಕೇಳಿದರು. "ಹುಡುಗರ ಸಂಘ ಐತ್ರಿ ಕಾಕಾ" ಅಂದವನು ನಾನೇ. ಹದಿನಾಲ್ಕು ವರ್ಷ, ಸೆಕ್ರೆಟರಿ ಅನ್ನೋ ಜಂಬ. ಐರ್ಲೆಂಡಿನಲ್ಲಿ 1893ರಲ್ಲೇ ಗರ್ಲ್ಸ್ ಬ್ರಿಗೇಡ್ ಶುರುವಾಗಿತ್ತು ಅಂತ ಗೊತ್ತಾಗಿದ್ದು ತೀರಾ ಈಚೆಗೆ. ತಂಗಿಗೆ ಹೇಳಿದೆ. "ಈಗ ಹೇಳು" ಅಂದಳು, ಅಷ್ಟೇ.

ಸಂಚಿಕೆಯವರು ಕೇಳಿದ್ದು ಅಧ್ಯಕ್ಷರ ಹೆಸರು, ಇಸವಿ, ಯಾವ ವರ್ಷ ಯಾರು ಎಷ್ಟು ವಂತಿಗೆ ಕೊಟ್ಟರು ಅನ್ನೋದು. ಅದೆಲ್ಲ ಮಸಿಯಲ್ಲಿದೆ, ಹತ್ತು ನಿಮಿಷದ ಕೆಲಸ. ಆದರೆ ಅದನ್ನು ಮಾತ್ರ ಅಚ್ಚು ಹಾಕಿ, ನಾವು ಗರಸು ಹೊತ್ತ ಜಾಗಕ್ಕೆ ಪೇವರ್ಸ್ ಹಾಕಿದರೆ ಅದನ್ನು ನಾನು ಚರಿತ್ರೆ ಅನ್ನಲ್ಲ. ಹುಡುಗರು ಬರ್ತಿಲ್ಲ ಅನ್ನೋ ವಾದ ಬೇರೆ. ನೆಟ್ ಇಲ್ಲ, ಚೆಂಡಿಲ್ಲ, ಶನಿವಾರ ಐದೂವರೆಗೆ ಸೈಕಲ್ ಮೇಲೆ ಬರೋರಿಲ್ಲ. ಮೊಬೈಲ್ ಮೇಲೆ ತಪ್ಪು ಹೊರಿಸೋದು ಸುಲಭ. ಕಾಕಾ ತೀರಿಕೊಂಡ ಮೇಲೆ ನಮ್ಮಲ್ಲಿ ಒಬ್ಬನೂ ಆ ಶನಿವಾರ ವಹಿಸ್ಕೊಳ್ಳಲಿಲ್ಲ, ನಾನೂ ಸೇರಿ. ಕಾರು ನಿಲ್ಲಿಸೋಕೆ ಜಾಗ ಬೇಕು, ಒಪ್ತೀನಿ. ಭಾನುವಾರ ಎರಡು ತಾಸಿನ ಮಾತು ಅದು. ಗರಸಿನ ಮೇಲೂ ಕಾರು ನಿಲ್ಲುತ್ತೆ, ಆದರೆ ಪೇವರ್ಸ್ ಮೇಲೆ ಬಿದ್ದ ಹುಡುಗನ ಮೊಣಕಾಲು ಉಳಿಯಲ್ಲ.

ಬರೋ ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿ ಕೂಡುತ್ತೆ. ಹಾಜರಿ ಪುಸ್ತಕ ತಗೊಂಡು ಹೋಗ್ತೀನಿ. ಅದಕ್ಕೂ ಮುಂಚೆ ಒಂದು ಸಹಾಯ ಬೇಕು. 1985ರಿಂದ 91ರ ತನಕ ಶನಿವಾರ ಅಲ್ಲಿ ಆಡಿದವರು ಯಾರಾದರೂ ಇದನ್ನು ಓದ್ತಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಪೆನ್ಸಿಲಿನ ಹೆಸರಿನಲ್ಲಿ ಹನ್ನೊಂದನ್ನು ಓದೋಕಾಗಿದೆ, ಆರು ಇನ್ನೂ ಗೊತ್ತಾಗ್ತಿಲ್ಲ. ಫೋಟೊ ಇದ್ದರೆ ಕಳಿಸಿ. ತಂಗಿ ಧಾರವಾಡದಿಂದ ಬರ್ತೀನಿ ಅಂದಿದ್ದಾಳೆ. ಬರುವಾಗ ಚೆಂಡು ತರ್ತಾಳಂತೆ.