ಸ್ಪಷ್ಟನೆ: 150 ಸಿಸಿ ಬೈಕಿಗೆ ವಿಮೆ ಡಬಲ್ ಅಲ್ಲ

"125 ಬಿಟ್ಟು 150 ಸಿಸಿ ಹಳೆ ಬೈಕ್ ತಗೊಂಡರೆ ಥರ್ಡ್ ಪಾರ್ಟಿ ವಿಮೆ ಡಬಲ್" ಎಂಬ ಮೆಸೇಜನ್ನು ಕಲಬುರಗಿಯ ಗೆಳೆಯರಿಗೆ ನಾನೂ ಕಳಿಸಿದ್ದೆ. ಅದು ತಪ್ಪು. ಥರ್ಡ್ ಪಾರ್ಟಿ ವಿಮೆ ಅಂದರೆ ನಮ್ಮ ಬೈಕಿನಿಂದ ಬೇರೆಯವರಿಗಾದ ಹಾನಿಗೆ ಪರಿಹಾರ ಕೊಡುವ ವಿಮೆ. ಕೇಂದ್ರ ಸರ್ಕಾರ 2022ರ ಜೂನ್ 1ರಿಂದ ಜಾರಿಗೆ ತಂದ ದರದಲ್ಲಿ 75 ದಾಟಿ 150 ಸಿಸಿವರೆಗೆ ವಿಮೆಯ ಕಂತು (ಪ್ರೀಮಿಯಂ) ಒಂದೇ: ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. 150 ದಾಟಿ 350 ಸಿಸಿವರೆಗಾದರೆ ಮಾತ್ರ 1,366. ಹಾಗಾಗಿ ಬೈಕಿನ ಹೆಸರು ನೋಡಬೇಡಿ, ಆರ್‌ಸಿಯಲ್ಲಿರುವ ಸಿಸಿ ನೋಡಿ. ಹೋಂಡಾ ಯೂನಿಕಾರ್ನ್ ಹಳೆಯದು 149 ಚಿಲ್ಲರೆ ಸಿಸಿ, 2020ರ ಮಾಡೆಲ್ 162.7. ಹೆಸರು ಒಂದೇ, ಕಂತು ಬೇರೆ, ಅಲ್ವಾ?

ಇನ್ನೊಂದು ಮಾತು. 2019ರ ಏಪ್ರಿಲ್‌ನಿಂದ 125 ಸಿಸಿ ದಾಟಿದ ಹೊಸ ಬೈಕುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಹುಮನಾಬಾದ್ ರೋಡಿನಲ್ಲಿ ದಿನಾ ಓಡಾಡುವವರು ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಆ ಮೆಸೇಜನ್ನು ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡಬೇಡಿ.