ತೇಗಿಗೆ ಯಾವ ಅಕ್ಷರ?

ಕೆಲವು ತಿಂಗಳ ಹಿಂದೆ ನಾನು ಬರೆದ ಕಥೆಯೊಂದನ್ನು ಏಳೆಂಟು ಮಂದಿ ಸ್ನೇಹಿತರ ಮುಂದೆ ಓದಿದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಮಲಗಿರುವ ತಂದೆ, ಮೂರು ರಾತ್ರಿ ನಿದ್ದೆಗೆಟ್ಟು ಪಕ್ಕದಲ್ಲಿ ಕುಳಿತಿರುವ ಮಗಳು, ಬೆಳಿಗ್ಗೆ ಸಂಜೆ ಬಂದು “ಗಾಳಿ ಹೋಯಿತೇ?” ಎಂಬ ಒಂದೇ ಪ್ರಶ್ನೆ ಕೇಳಿ ಹೋಗುವ ವೈದ್ಯರು, ಇಷ್ಟೇ ಅದರ ಪಾತ್ರಗಳು. ಇಂಥ ಶಸ್ತ್ರಚಿಕಿತ್ಸೆಯಾದ ಮೇಲೆ ಕರುಳಿನ ಚಲನೆ ಕೆಲಕಾಲ ನಿಂತಂತಾಗಿರುತ್ತದೆ. ಗಾಳಿ ಹೋಯಿತೆಂದರೆ ಅದು ಮತ್ತೆ ಕೆಲಸಕ್ಕೆ ತೊಡಗಿದೆ ಎಂದು ಅರ್ಥ. ಆ ಮಗಳು ಕಾಯುತ್ತಿದ್ದದ್ದು ಅದೊಂದು ಸದ್ದಿಗಾಗಿ. ನಾಲ್ಕನೆಯ ದಿನದ ಬೆಳಗಿನ ಜಾವ ಅದು ಕೇಳಿಸಿತು. ನಾನು ಅದನ್ನು “ಡರ್‌ರ್‌ರ್‌ರ್” ಎಂದು ಬರೆದಿದ್ದೆ. ಓದಿದ ಕೂಡಲೇ ಎಲ್ಲರೂ ನಕ್ಕರು. ಕಥೆಯಲ್ಲಿ ಅದು ಮಗಳು ಅಳುವ ಜಾಗ.

ನಕ್ಕವರನ್ನು ನಾನು ದೂರುವುದಿಲ್ಲ. ಆ ಸಾಲಿನವರೆಗೆ ಅವರು ಮಗಳ ಕಿವಿಯಿಂದ ಕೇಳುತ್ತಿದ್ದರು. ಆ ಸಾಲಿನಲ್ಲಿ ನಾನು ಅವರನ್ನು ಅವಳ ಪಕ್ಕದಿಂದ ಎಬ್ಬಿಸಿ ಹೊರಗೆ ಕೂರಿಸಿದೆ. ಅಂದಿನಿಂದ ತೇಗು, ಬಿಕ್ಕಳಿಕೆ, ಸೀನು, ಗೊರಕೆ, ಹೂಸು ಇವುಗಳನ್ನು ಕಥೆಯಲ್ಲಿ ಹೇಗೆ ಬರೆಯಬೇಕು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇದು ಚಿಲ್ಲರೆ ಪ್ರಶ್ನೆಯೆಂದು ಹೇಳಿದ ಗೆಳೆಯರಿದ್ದಾರೆ. ಆದರೆ ಮನುಷ್ಯರನ್ನು ಕುರಿತು ಬರೆಯುವವರು ಮನುಷ್ಯರ ದೇಹ ಮಾಡುವ ಸದ್ದನ್ನು ಬರೆಯಲು ತಡವರಿಸುತ್ತಾರೆ ಎಂದಾದರೆ, ಆ ತಡವರಿಕೆಯ ಕಾರಣವನ್ನು ಹುಡುಕುವುದು ಬರವಣಿಗೆಯ ಕೆಲಸವೇ ಆಗಿದೆ.

ಮೊದಲ ಕಾರಣ ನಮ್ಮ ವರ್ಣಮಾಲೆಯಲ್ಲೇ ಇದೆ. ಕ-ವರ್ಗದಿಂದ ಪ-ವರ್ಗದವರೆಗಿನ ಸಾಲುಗಳು ಕಂಠದಿಂದ ಹೊರಟು ತಾಲು, ಮೂರ್ಧ, ದಂತಗಳನ್ನು ದಾಟಿ ತುಟಿಗೆ ಬಂದು ನಿಲ್ಲುತ್ತವೆ. ಎಂದರೆ ಅದು ಬಾಯಿಯ ನಕ್ಷೆ. ತೇಗು ಹುಟ್ಟುವುದು ಈ ನಕ್ಷೆ ಆರಂಭವಾಗುವುದಕ್ಕೂ ಕೆಳಗೆ. ನುಂಗಿದ ಗಾಳಿ ಜಠರದಿಂದ ಮೇಲೆದ್ದು ಬಂದಾಗ ಅನ್ನನಾಳದ ಮೇಲ್ತುದಿಯನ್ನು ಬಿಗಿಹಿಡಿದಿರುವ ಸ್ನಾಯುವಿನ ಉಂಗುರ ಸಡಿಲವಾಗುತ್ತದೆ, ಗಾಳಿ ಹಾಯುವಾಗ ಅಲ್ಲಿನ ಅಂಚುಗಳು ಕಂಪಿಸುತ್ತವೆ, ಆ ಕಂಪನವೇ ತೇಗಿನ ಸದ್ದು. ನಾಲಿಗೆಯೂ ಹಲ್ಲೂ ಅದಕ್ಕೆ ರೂಪ ಕೊಟ್ಟಿರುವುದಿಲ್ಲ. ಬಾಯಿ ತೆರೆದಿದ್ದರೆ ಒಂದು ಬಗೆ, ಮುಚ್ಚಿದ್ದರೆ ಇನ್ನೊಂದು ಬಗೆ ಕೇಳಿಸುತ್ತದೆ, ಅಷ್ಟೇ. ಬಿಕ್ಕಳಿಕೆಯದು ಇನ್ನೂ ಕಷ್ಟ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪೊರೆಯಾದ ವಪೆ ಒಮ್ಮೆಲೇ ಸೆಳೆತಗೊಂಡು ಉಸಿರು ಒಳಕ್ಕೆ ನುಗ್ಗುತ್ತದೆ, ಸೆಕೆಂಡಿನ ಸಣ್ಣದೊಂದು ಭಾಗ ಕಳೆಯುವುದರೊಳಗೆ ಧ್ವನಿತಂತುಗಳ ನಡುವಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ನಮ್ಮ ಅಕ್ಷರಗಳನ್ನೆಲ್ಲ ಉಚ್ಚರಿಸುವುದು ಹೊರಬಿಡುವ ಉಸಿರಿನಲ್ಲಿ. ಬಿಕ್ಕಳಿಕೆ ಒಳಗೆಳೆದುಕೊಂಡ ಉಸಿರಿನ ಸದ್ದು. ಅದಕ್ಕೆ ಅಕ್ಷರ ಸಿಗದಿರುವುದರಲ್ಲಿ ಆಶ್ಚರ್ಯವಿಲ್ಲ.

ಸೀನಿಗೆ ಮಾತ್ರ ಹೆಚ್ಚಿನ ಭಾಷೆಗಳು ಹೇಗೋ ಒಂದು ಒಪ್ಪಂದಕ್ಕೆ ಬಂದಿವೆ. ನಮ್ಮಲ್ಲಿ ಅಕ್ಷೀ, ಇಂಗ್ಲಿಷಿನಲ್ಲಿ ಅಚೂ, ಜರ್ಮನ್ನಿನಲ್ಲಿ ಹಾಚೀ, ಜಪಾನಿಯಲ್ಲಿ ಹಕುಶೋನ್. ಉಸಿರೆಳೆದುಕೊಳ್ಳುವ ಮೊದಲರ್ಧ ಮತ್ತು ಸಿಡಿಯುವ ಎರಡನೆಯರ್ಧ ಎಲ್ಲದರಲ್ಲೂ ಇವೆ, ಏಕೆಂದರೆ ಆ ಸಿಡಿತ ಬಾಯಿ ಮೂಗುಗಳನ್ನು ಹಾದು ಬರುತ್ತದೆ.

ಕನ್ನಡ ಇಂಥ ಸದ್ದುಗಳ ಬಗ್ಗೆ ಬಡ ಭಾಷೆಯಲ್ಲ ಎಂಬುದನ್ನೂ ಹೇಳಬೇಕು. ಅನುಕರಣಾವ್ಯಯ ಎಂಬ ಹೆಸರಿನಲ್ಲಿ ವ್ಯಾಕರಣವೇ ಅವುಗಳಿಗೆ ಮನೆ ಕಟ್ಟಿಕೊಟ್ಟಿದೆ. ಬುಸ್ಸನೆ, ಫಕ್ಕನೆ, ಗಳಗಳನೆ ಎಂದು ಬರೆದಾಗ ಸದ್ದು ವಾಕ್ಯದೊಳಗೆ ಸರಾಗವಾಗಿ ಸೇರಿಕೊಳ್ಳುತ್ತದೆ, ಓದುಗರು ಎಡವುವುದಿಲ್ಲ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಬಸ್ ಬಂದರೂ ಅದನ್ನು ಬಸ್ಸು ಮಾಡಿಕೊಳ್ಳುವ ಭಾಷೆ ಇದು. ಆದ್ದರಿಂದ ಅರ್ಧಾಕ್ಷರದಲ್ಲಿ ನಿಂತ “ಡರ್” ಕಣ್ಣಿಗೆ ಬಿದ್ದ ಕೂಡಲೇ ಇದು ಪದವಲ್ಲ, ಸದ್ದು ಎಂದು ಓದುಗರಿಗೆ ತಿಳಿಯುತ್ತದೆ. ಆಡುಮಾತಿನಲ್ಲಿ ಮಹಾಪ್ರಾಣಗಳನ್ನು ಹಗುರ ಮಾಡಿಕೊಳ್ಳುವ ನಾವೇ ಧಡಾರನೆ, ಘರ್ ಎಂದು ಸದ್ದು ಮಾಡುವಾಗ ಅವುಗಳ ಪೂರ್ತಿ ತೂಕವನ್ನು ಬಳಸುತ್ತೇವೆ. ಹೀಗಾಗಿ ಡರ್ರನೆ ತೇಗುವವನೂ ಢರ್ರನೆ ತೇಗುವವನೂ ನನ್ನ ಕಿವಿಗೆ ಒಬ್ಬನೇ ಅಲ್ಲ; ಎರಡನೆಯವನು ಪಕ್ಕದ ಕೋಣೆಯವರಿಗೂ ಕೇಳಿಸುತ್ತಾನೆ.

ಇಷ್ಟಿದ್ದರೂ ಬೇರೆ ಭಾಷೆಯ ಒಂದು ಉಪಾಯವನ್ನು ನಾವು ಎರವಲು ತರಲಾಗದು. 1951ರಿಂದ ಡಿಸ್ನಿ ಕಾಮಿಕ್ಸ್‌ಗಳನ್ನು ಜರ್ಮನ್ನಿಗೆ ತಂದ ಎರಿಕಾ ಫುಕ್ಸ್, ಕ್ರಿಯಾಪದಗಳ ಕೊನೆಯ ಪ್ರತ್ಯಯವನ್ನು ಕಳಚಿ ಉಳಿದ ಮೂಲವನ್ನೇ ಸದ್ದಾಗಿ, ಕೆಲವೊಮ್ಮೆ ಸದ್ದಿಲ್ಲದ ಮನಸ್ಥಿತಿಯಾಗಿಯೂ ಬಳಸುವ ರೂಢಿಯನ್ನು ಜನಪ್ರಿಯಗೊಳಿಸಿದರು. ಜನ ಪ್ರೀತಿಯಿಂದ ಆ ರೂಪಕ್ಕೆ ಅವರ ಹೆಸರನ್ನೇ ಸೇರಿಸಿ ಎರಿಕಾಟಿವ್ ಎಂದು ಕರೆದರು. ಜರ್ಮನ್ನಿನಲ್ಲಿ ತೇಗು ಎಂಬುದರ ಮೂಲ ರ‍್ಯುಲ್ಪ್ಸ್ ಒಂದನ್ನೇ ಬರೆದರೆ ತೇಗಿದ ಹಾಗೆ ಓದಿಕೊಳ್ಳುತ್ತಾರೆ. ಕನ್ನಡದಲ್ಲಿ ಕ್ರಿಯಾಪದದ ಪ್ರತ್ಯಯ ಕಳಚಿದರೆ ಉಳಿಯುವುದು ಆಜ್ಞೆ. ಚಿತ್ರದ ಗುಳ್ಳೆಯೊಳಗೆ “ತೇಗು!” ಎಂದು ಬರೆದರೆ, ಯಾರೋ ಯಾರಿಗೋ ತೇಗಲು ಹೇಳುತ್ತಿದ್ದಾರೆ ಎಂದಾಗುತ್ತದೆ. ಭಾಷೆಯ ಒಡಲಿಗೆ ತಕ್ಕ ದಾರಿಯನ್ನು ಭಾಷೆಯೊಳಗೇ ಹುಡುಕಬೇಕು ಎಂಬುದಕ್ಕೆ ಇದಕ್ಕಿಂತ ಸಣ್ಣ, ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗಾದರೆ ನನ್ನ “ಡರ್‌ರ್‌ರ್‌ರ್” ಸೋತದ್ದು ಏಕೆ? ಅಕ್ಷರಗಳನ್ನು ಎಳೆದು ಬರೆದಾಗ ಓದುಗರು ಒಂದು ಕ್ಷಣ ಕಥೆಯನ್ನು ನಿಲ್ಲಿಸಿ ಅದನ್ನು ಬಾಯಲ್ಲಿ ಉಚ್ಚರಿಸಿ ನೋಡುತ್ತಾರೆ. ಆ ಕ್ಷಣದಲ್ಲಿ ಸದ್ದು ಪಾತ್ರದ್ದಾಗಿ ಉಳಿಯದೆ ಲೇಖಕರ ಮಿಮಿಕ್ರಿಯಾಗುತ್ತದೆ. ಮಕ್ಕಳ ಕಥೆಯಲ್ಲಿ, ಹಾಸ್ಯದಲ್ಲಿ, ಕಾಮಿಕ್ಸ್‌ನಲ್ಲಿ ಮಿಮಿಕ್ರಿ ಬೇಕೇ ಬೇಕು, ಅಲ್ಲಿ ಎಷ್ಟು ರ್ ಒತ್ತಿದರೂ ನನಗೆ ಸಂತೋಷವೇ. ಎಳೆದು ಬರೆದ ಅಕ್ಷರಗಳು ಗಂಭೀರ ಬರಹದಲ್ಲಿ ಗೆದ್ದದ್ದೂ ಉಂಟು. ಜೇಮ್ಸ್ ಜಾಯ್ಸ್‌ನ “ಯುಲಿಸಿಸ್” (1922) ಕಾದಂಬರಿಯ ಸೈರನ್ಸ್ ಅಧ್ಯಾಯದ ಕೊನೆಯಲ್ಲಿ ಕಥಾನಾಯಕ ಬ್ಲೂಮ್ ಟ್ರಾಮಿನ ಗದ್ದಲದ ಮರೆಯಲ್ಲಿ ಹೂಸು ಬಿಡುತ್ತಾನೆ, ಜಾಯ್ಸ್ ಅದನ್ನು ಒಂದೂ ಸ್ವರವಿಲ್ಲದ ವ್ಯಂಜನಗಳ ಸರಪಳಿಯಾಗಿ ಬರೆದಿದ್ದಾನೆ. ಆದರೆ ಆ ಅಧ್ಯಾಯ ಮೊದಲ ಸಾಲಿನಿಂದಲೇ ಸಂಗೀತದಿಂದ, ಗಾಜಿನ ಕಿಣಿಕಿಣಿಯಿಂದ, ಹಾಡಿನ ತುಣುಕುಗಳಿಂದ ಕಟ್ಟಿದ್ದು. ಅಲ್ಲಿ ಆ ಸದ್ದು ವಾದ್ಯಮೇಳದ ಕೊನೆಯ ಸ್ವರದಂತೆ ಬರುತ್ತದೆ, ಓದುಗರ ಕಿವಿ ಅದಕ್ಕೆ ಸಿದ್ಧವಾಗಿರುತ್ತದೆ. ನನ್ನ ಕಥೆಯ ಉಳಿದ ಹನ್ನೊಂದು ಪುಟಗಳಲ್ಲಿ ಒಂದೇ ಒಂದು ಸದ್ದಿಗೂ ನಾನು ಅಕ್ಷರ ಕೊಟ್ಟಿರಲಿಲ್ಲ. ಬಾಗಿಲು ಕಿರುಗುಟ್ಟಿತು, ಮಂಚ ಅಲುಗಿತು, ಗಡಿಯಾರ ಓಡಿತು ಎಂದಷ್ಟೇ ಬರೆದವನು ತಂದೆಯ ದೇಹದ ವಿಷಯಕ್ಕೆ ಬಂದಾಗ ಮಾತ್ರ ನಕಲಿಗೆ ಇಳಿದಿದ್ದೆ. ಬಾಗಿಲಿಗೆ ಕೊಟ್ಟ ಗೌರವವನ್ನು ಆ ಮುದುಕನಿಗೆ ಕೊಟ್ಟಿರಲಿಲ್ಲ.

ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನ ಕುಶಲತೆ ಪ್ಲೇಟೋನ “ಸಿಂಪೋಸಿಯಂ” ಸಂವಾದದಲ್ಲಿದೆ. ಪ್ರೇಮವನ್ನು ಕುರಿತು ಒಬ್ಬೊಬ್ಬರಾಗಿ ಮಾತನಾಡುತ್ತಿರುವ ಕೂಟದಲ್ಲಿ ನಾಟಕಕಾರ ಅರಿಸ್ಟೋಫೇನಿಸ್‌ನ ಸರದಿ ಬಂದಾಗ ಅವನಿಗೆ ಬಿಕ್ಕಳಿಕೆ ಹತ್ತುತ್ತದೆ. ಪಕ್ಕದಲ್ಲಿದ್ದ ವೈದ್ಯ ಎರಿಕ್ಸಿಮಾಕಸ್ ಉಸಿರು ಬಿಗಿಹಿಡಿ, ನೀರಿನಿಂದ ಬಾಯಿ ಮುಕ್ಕಳಿಸು, ಅದಕ್ಕೂ ನಿಲ್ಲದಿದ್ದರೆ ಮೂಗಿಗೆ ಕಚಗುಳಿಯಿಟ್ಟು ಸೀನು ಎಂದು ಉಪಾಯ ಹೇಳಿ, ಅವನ ಬದಲಿಗೆ ತಾನು ಮಾತನಾಡತೊಡಗುತ್ತಾನೆ. ಆ ಭಾಷಣ ದೇಹದಲ್ಲಿನ ಹೊಂದಾಣಿಕೆಯನ್ನು, ಸಾಮರಸ್ಯವನ್ನು ಕುರಿತದ್ದು, ಉದ್ದವಾದದ್ದು. ಅದರ ನಡುವೆ ಬಿಕ್ಕಳಿಕೆಯ ಸದ್ದನ್ನು ಪ್ಲೇಟೋ ಒಮ್ಮೆಯೂ ಬರೆಯುವುದಿಲ್ಲ. ಆದರೂ ಓದುತ್ತಿರುವ ನಮಗೆ ಪಕ್ಕದಲ್ಲಿ ಒಬ್ಬ ಉಸಿರು ಬಿಗಿಹಿಡಿದು, ಮುಕ್ಕಳಿಸಿ, ಕೊನೆಗೆ ಸೀನುತ್ತಿರುವುದು ಕೇಳಿಸುತ್ತಲೇ ಇರುತ್ತದೆ. ಒಂದು ಬಿಕ್ಕಳಿಕೆ ಮಾತಿನ ಸರದಿಯನ್ನೇ ಬದಲಿಸಿತು. ಅದನ್ನು ಕೇಳಿಸಲು ಆ ಬದಲಾವಣೆಯೇ ಸಾಕಾಯಿತು.

ನನಗೆ ಹೇಳಬೇಕಾಗಿರುವುದೂ ಇದೇ. ದೇಹದ ಸದ್ದು ಕಥೆಯಲ್ಲಿ ಕೇಳಿಸಬೇಕಾದರೆ ಅದು ಯಾರ ಯಾವ ಮಾತನ್ನು ಕಡಿಯಿತು, ಕೇಳಿಸಿಕೊಂಡವರ ಕೈ ಏನು ಮಾಡುತ್ತಿತ್ತು, ಆಮೇಲೆ ಮೊದಲು ಬಾಯಿ ತೆರೆದವರು ಯಾರು ಎಂಬುದನ್ನು ಬರೆಯಬೇಕು. “ನೀನು ಅಂದು ಹೇಳಿದ್ದು” ಎನ್ನುವಲ್ಲಿ ತೇಗು ಬಂದು ಮಾತು ನಿಂತು, ಮತ್ತೆ ಆರಂಭವಾದಾಗ ಅದು “ಹೋಗಲಿ ಬಿಡು” ಎಂದಾಗಿದ್ದರೆ, ಆ ತೇಗಿನಲ್ಲಿ ಒಂದು ಆರೋಪ ಮುಳುಗಿಹೋಗಿದೆ. ಅಲ್ಲಿ “ತೇಗಿದ” ಎಂಬ ಮೂರಕ್ಷರ ಸಾಕು. ಕನ್ನಡದ ಬಿಕ್ಕು ಎಂಬ ಮೂಲವನ್ನೇ ನೋಡಿ: ಬಿಕ್ಕಿ ಬಿಕ್ಕಿ ಅಳುವುದೂ ಅದೇ, ಬಿಕ್ಕಳಿಕೆಯೂ ಅದೇ. “ಅವಳು ಕತ್ತಲಲ್ಲಿ ಬಿಕ್ಕಿದಳು” ಎಂದು ಬರೆದು ಮುಂದಿನ ಸಾಲಿನವರೆಗೆ ಓದುಗರನ್ನು ಆ ಎರಡರ ನಡುವೆ ನಿಲ್ಲಿಸುವ ಸೌಲಭ್ಯವನ್ನು ಭಾಷೆ ನಮಗೆ ಕೊಟ್ಟಿರುವಾಗ, ಅಲ್ಲೊಂದು “ಹಿಕ್” ಸೇರಿಸಿ ಅದನ್ನು ಕೆಡಿಸಬೇಕೇಕೆ?

ಸಂಕೋಚದ ವಿಷಯವನ್ನೂ ಹೇಳಿಬಿಡುತ್ತೇನೆ. ಹೂಸು ಎಂಬ ಪದವನ್ನು ಬರೆಯಲು ಹಿಂಜರಿದು ಅಪಾನವಾಯು ಎಂದು ಬರೆಯುವುದನ್ನು ನೋಡಿದ್ದೇನೆ, ನಾನೂ ಬರೆದಿದ್ದೇನೆ. ವೈದ್ಯರ ಬಾಯಲ್ಲಿ, ಪಂಡಿತರ ಬಾಯಲ್ಲಿ ಅದು ಸರಿ. ಮಗುವಿನ ಅಥವಾ ಅಜ್ಜಿಯ ಬಾಯಲ್ಲಿ ಆ ಪದ ಬಂದರೆ ಪಾತ್ರದ ಹಿಂದೆ ನಾಚಿಕೊಂಡು ನಿಂತಿರುವ ಲೇಖಕರು ಕಾಣುತ್ತಾರೆ.

ತಂದೆ ಮಗಳ ಕಥೆಯನ್ನು ತಿದ್ದಿದ ಮೇಲೆ ಇನ್ನೊಂದನ್ನು ಬರೆಯತೊಡಗಿದೆ. ಅದರ ಪಾತ್ರ ಕ್ಯಾನ್ಸರಿನಿಂದಾಗಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಸಿಕೊಂಡ ಒಬ್ಬ ಮೇಷ್ಟ್ರು. ಇಂಥವರಲ್ಲಿ ಕೆಲವರು ಅನ್ನನಾಳದಿಂದ ಮಾತನಾಡುವುದನ್ನು ಕಲಿಯುತ್ತಾರೆ. ಬಾಯಿಯಿಂದ ಸ್ವಲ್ಪ ಗಾಳಿಯನ್ನು ಅನ್ನನಾಳಕ್ಕೆ ದೂಡಿ, ಅದನ್ನು ಕೂಡಲೇ ಮೇಲಕ್ಕೆ ಬಿಟ್ಟು, ತೇಗು ಹುಟ್ಟುವ ಅದೇ ಜಾಗವನ್ನು ಕಂಪಿಸುವಂತೆ ಮಾಡಿ, ಆ ಸದ್ದಿಗೆ ನಾಲಿಗೆ ತುಟಿಗಳಿಂದ ಪದದ ರೂಪ ಕೊಡುತ್ತಾರೆ. ಶ್ವಾಸಕೋಶದ ತುಂಬು ಉಸಿರು ಅಲ್ಲಿಲ್ಲದಿರುವುದರಿಂದ ಒಂದು ಸಲಕ್ಕೆ ಕೆಲವೇ ಪದಗಳು ಬರುತ್ತವೆ. ಕಲಿಯಲು ತಿಂಗಳುಗಳ ಅಭ್ಯಾಸ ಬೇಕು, ಎಲ್ಲರಿಗೂ ಅದು ಸಿದ್ಧಿಸುವುದಿಲ್ಲ. ಇದನ್ನು ಮೊದಲು ತಿಳಿದಾಗ ನನಗೆ ಹೊಳೆದದ್ದು ನಮ್ಮ “ಎಂದು”. ಮಾತಿಗೂ ಸದ್ದಿಗೂ ನಾವು ಅದೊಂದನ್ನೇ ಬಳಸುತ್ತೇವೆ: ಬರುತ್ತೇನೆ ಎಂದ, ಡರ್ ಎಂದು ತೇಗಿದ. ಆ ಎಂದು ಹುಟ್ಟಿದ್ದು ನುಡಿ, ಹೇಳು ಎಂಬ ಅರ್ಥದ ಎನ್ ಧಾತುವಿನಿಂದ. ತೇಗೂ ಏನನ್ನೋ ಹೇಳುತ್ತದೆ ಎಂದು ಕನ್ನಡದ ವಾಕ್ಯರಚನೆ ಹಿಂದಿನಿಂದಲೂ ಒಪ್ಪಿಕೊಂಡೇ ಇತ್ತು.

ಮೇಷ್ಟ್ರು ಮನೆಗೆ ಮರಳಿದ ಮೇಲೆ ಹೆಂಡತಿಯೊಡನೆ ಆಡುವ ಮೊದಲ ಮಾತನ್ನು ಬರೆಯಲು ಎರಡು ವಾರ ಹಿಡಿಯಿತು. ಒರಟು ಧ್ವನಿಯನ್ನು ತೋರಿಸಲು ಮೊದಲ ಕರಡಿನಲ್ಲಿ ಪ್ರತಿ ಪದಕ್ಕೂ ರ್‌ರ್ ಸೇರಿಸಿದ್ದೆ, ಎರಡನೆಯದರಲ್ಲಿ ಚುಕ್ಕೆಗಳನ್ನು ತುಂಬಿದ್ದೆ. ಎರಡನ್ನೂ ಹರಿದುಹಾಕಿದೆ. ಹೆಂಡತಿ ಕಿಟಕಿ ಮುಚ್ಚಲು ಎದ್ದಿದ್ದಾಳೆ, ಹೊರಗೆ ಮಳೆಯ ಸದ್ದು ಇದೆ, ಅವರ ಧ್ವನಿ ಅದಕ್ಕಿಂತ ಸಣ್ಣದು. ಈಗ ಆ ಜಾಗದಲ್ಲಿ ಇರುವುದು ಇಷ್ಟು:

“ಕಿಟಕಿ ಇರಲಿ,” ಎಂದರು. ಗಾಳಿ ತುಂಬಿಕೊಂಡರು. “ಮಳೆ ಕೇಳಿಸಲಿ.” ಮತ್ತೆ ತುಂಬಿಕೊಂಡರು. “ನೀನು ಕೂತುಕೋ.”