ಗಜದ ಮೊಳೆ

ಶಿರಸಿಯಲ್ಲಿ ದೇವಿಕೆರೆಯ ಕಡೆಯಿಂದ ಪೇಟೆಗೆ ಬರುವ ದಾರಿಯಲ್ಲಿ ಒಂದು ಹಂಚಿನ ಕಟ್ಟಡವಿದೆ. ಅದನ್ನು ಯಾರು ಏನೆಂದು ಕರೆಯುತ್ತಾರೆ ಎಂಬುದರ ಮೇಲೆ ಅವರ ವಯಸ್ಸನ್ನು ಹೇಳಿಬಿಡಬಹುದು. ನನ್ನ ಅಜ್ಜನಿಗೆ ಅದು ಕಡೆಯವರೆಗೂ ‘ಮಂಡಿ’ಯೇ ಆಗಿತ್ತು. ಆಯಿಗೆ ಇಂದಿಗೂ ಅದು ‘ಜವಳಿ ಅಂಗಡಿ’. ನನ್ನ ಓರಗೆಯವರು ಎಸ್‌ಟಿಡಿ ಬೂತು ಎನ್ನುತ್ತೇವೆ. ಈಗ ಅಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇದೆಯಾದರೂ ಆ ಹೆಸರಿನಿಂದ ಕರೆಯುವವರನ್ನು ನಾನು ಕಂಡಿಲ್ಲ. ಇದ್ದವರು ಖಾಲಿ ಮಾಡಿಕೊಂಡು ಹೋದಮೇಲೆಯೇ ಅವರ ಹೆಸರು ಗೋಡೆಗೆ ಅಂಟಿಕೊಳ್ಳುತ್ತದೆಯೋ ಏನೋ.

ಕೆಂಪುಕಲ್ಲಿನ ಗೋಡೆಯ ಆ ಕಟ್ಟಡಕ್ಕೆ ಮೊನ್ನೆಮೊನ್ನೆಯವರೆಗೂ ಹಲಗೆ ಬಾಗಿಲು ಇತ್ತು. ಮೇಲೂ ಕೆಳಗೂ ಕೊರೆದ ತೋಡಿನಲ್ಲಿ ಹನ್ನೊಂದು ಹಲಗೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ, ಕಬ್ಬಿಣದ ಪಟ್ಟಿ ಹಾಯಿಸಿ ಬೀಗ ಹಾಕಬೇಕು. ಕ್ರಮ ತಪ್ಪಿದರೆ ಕೊನೆಯ ಹಲಗೆ ಕೂರುವುದಿಲ್ಲ. ಆದ್ದರಿಂದ ಹಲಗೆಗಳಿಗೆ ಅಂಕಿ ಕೆತ್ತಿದ್ದರು, ಅದೂ ಬಾಲಬೋಧದಲ್ಲಿ, ಎಂದರೆ ಮರಾಠಿ ಬರೆಯುವ ನಾಗರಿ ಲಿಪಿಯಲ್ಲಿ. 1862ರಲ್ಲಿ ಈ ಜಿಲ್ಲೆ ಮದ್ರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ 1956ರ ನವೆಂಬರಿನ ತನಕ ಅಲ್ಲೇ ಉಳಿದದ್ದನ್ನು ನಾನು ಶಾಲೆಯ ಪುಸ್ತಕದಲ್ಲಿ ಓದುವ ಮೊದಲೇ ಆ ಬಾಗಿಲಿನಲ್ಲಿ ನೋಡಿದ್ದೆ. ಮಳೆಗಾಲದಲ್ಲಿ ಹಲಗೆಗಳು ಉಬ್ಬಿ ಕಚ್ಚಿಕೊಳ್ಳುತ್ತಿದ್ದವು. ಆಷಾಢದ ಬೆಳಗಿನಲ್ಲಿ ಅಂಗಡಿ ತೆರೆಯುವ ಸದ್ದು ಯಾರೋ ಯಾರನ್ನೋ ಬಡಿಯುತ್ತಿರುವಂತೆ ಕೇಳುತ್ತಿತ್ತು.

ಮೊದಲಿಗೆ ಅಲ್ಲಿ ಅಡಿಕೆಯ ದಲಾಲಿ ನಡೆಯುತ್ತಿತ್ತಂತೆ. ಬೆಳೆಗಾರರೇ ಒಟ್ಟಾಗಿ 1923ರಲ್ಲಿ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡ ಊರಿದು. ಆ ಬಳಿಕವೂ ಮಂಡಿ ಕೆಲಕಾಲ ನಡೆದು, ಆಮೇಲೆ ಮುಚ್ಚಿತೆಂದು ಅಜ್ಜ ಹೇಳುತ್ತಿದ್ದರು. ಹಿಂದಿನ ಕೋಣೆಯಲ್ಲಿ ಮಾತ್ರ ಗೋಣಿಚೀಲದ, ಒಣಗಿಸಿ ಸುಲಿದ ಚಾಲಿ ಅಡಿಕೆಯ ವಾಸನೆ ಉಳಿಯಿತು. ಜವಳಿಯವರು ಊದುಬತ್ತಿ ಹಚ್ಚಿದರು, ನುಸಿಗುಳಿಗೆ ಇಟ್ಟರು. ಆದರೂ ಹೊಸ ಸೀರೆಯನ್ನು ಮನೆಗೆ ತಂದು ಬಿಚ್ಚಿದಾಗ ಮೊದಲು ಬರುತ್ತಿದ್ದದ್ದು ಅಡಿಕೆಯ ವಾಸನೆಯೇ. ಆ ಸೀರೆಯ ದುಡ್ಡೂ ಅಡಿಕೆಯದೇ ಆಗಿದ್ದರಿಂದ ಯಾರೂ ತಕರಾರು ಮಾಡುತ್ತಿರಲಿಲ್ಲ. ವರ್ಷವಿಡೀ ಉದ್ರಿಯಲ್ಲಿ ಕೊಂಡದ್ದಕ್ಕೆ ಅಡಿಕೆ ಮಾರಿದ ಮೇಲೆ ಲೆಕ್ಕ ತೀರುತ್ತಿತ್ತು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂದಾಗ ಮಾತ್ರ ತೀರುವ ಮೊದಲೇ ಮತ್ತೆ ಬೆಳೆಯುತ್ತಿತ್ತು.

ಬಟ್ಟೆ ಹರಡುವ ಸಾಗುವಾನಿ ಹಲಗೆಯ ಅಂಚಿಗೆ ಜವಳಿಯವರು ಎರಡು ಹಿತ್ತಾಳೆ ಮೊಳೆ ಹೊಡೆಸಿದ್ದರು. ಅವುಗಳ ನಡುವೆ ಒಂದು ಗಜ, ಎಂದರೆ 36 ಇಂಚು. ಮೀಟರಿನ ಕಾಲ ಬಂದಾಗ ಹಲಗೆಯನ್ನು ಬದಲಿಸುವುದು ದುಂದೆನಿಸಿ ಮೂರೂ ಕಾಲು ಇಂಚಿನಷ್ಟು ಆಚೆಗೆ ಮೂರನೆಯ ಮೊಳೆ ಹೊಡೆಸಿದರು. ಹಳೆಯ ಗಿರಾಕಿಗಳು ಗಜದಲ್ಲಿ ಕೇಳುತ್ತಿದ್ದರು, ಇವರು ಮೀಟರಿನಲ್ಲಿ ಅಳೆದು ಕೊಡುತ್ತಿದ್ದರು. ಹೆಚ್ಚಿಗೆ ಬಂದ ಬಟ್ಟೆಯನ್ನು ನೋಡಿ ಖುಷಿಪಟ್ಟವರಿಗೆ ಹೆಚ್ಚಿಗೆ ಕೊಟ್ಟ ದುಡ್ಡು ಕಾಣುತ್ತಿರಲಿಲ್ಲ ಎಂದು ಆಯಿ ಈಗಲೂ ನಗುತ್ತಾಳೆ.

ಬೂತಿನವರು ಅದೇ ಹಲಗೆಯ ಮೇಲೆ ಫೋನಿಟ್ಟರು. ರಾತ್ರಿ ಹನ್ನೊಂದರ ನಂತರ ಕಾಲು ದರವೆಂದು ನಾವು ಜಗುಲಿಯಲ್ಲಿ ಸಾಲಾಗಿ ಕೂತು ಕಾಯುತ್ತಿದ್ದೆವು. ಬೆಂಗಳೂರಿನ ಅಣ್ಣನೊಡನೆ ಮಾತನಾಡುವಾಗ ನನ್ನ ಕಣ್ಣು ಮೀಟರಿನ ಕೆಂಪು ಅಂಕಿಯ ಮೇಲೆ, ಬೆರಳು ಆ ಹಿತ್ತಾಳೆ ಮೊಳೆಗಳ ಮೇಲೆ ಇರುತ್ತಿತ್ತು. ನಡುವೆ ಒಂದೆರಡು ವರ್ಷ ಅಲ್ಲಿ ಬೇಕರಿಯೂ ಇತ್ತೆನ್ನುತ್ತಾರೆ. ನನಗೆ ಅದರ ನೆನಪಿಲ್ಲ.

ಕಳೆದ ತಿಂಗಳು ಫೋನಿನ ಗಾಜು ಬದಲಿಸಲು ಹೋಗಿದ್ದೆ. ಹಲಗೆ ಬಾಗಿಲಿನ ಜಾಗದಲ್ಲಿ ಶಟರು ಬಂದಿತ್ತು. ಒಳಗಿನ ಸಾಗುವಾನಿ ಹಲಗೆ ಮಾತ್ರ ಹಾಗೇ ಇತ್ತು, ಮೇಲೆ ರಬ್ಬರಿನ ಹಾಸು. ಅಂಚನ್ನು ಸ್ವಲ್ಪ ಎತ್ತಿ ನೋಡಿದೆ. “ಎಂತ ಹುಡುಕ್ತಾ ಇದ್ರಿ?” ಎಂದ ಹುಡುಗನಿಗೆ ಮೊಳೆಗಳನ್ನು ತೋರಿಸಿದೆ. “ಅದಾ? ಅಂಗಿ ತೋಳಿಗೆ ಸಿಕ್ತದೆ. ಕೀಳ್ಬೇಕು ಅಂತ ಮಾಡಿದ್ದೆ, ಬರ್ಲೇ ಇಲ್ಲ” ಎಂದು ಅವನು ಮತ್ತೆ ತಲೆ ತಗ್ಗಿಸಿ ಸ್ಕ್ರೂ ಬಿಚ್ಚತೊಡಗಿದ.